ಡಿನೈ ಫೈಲಿನಲ್ಲಿ ಬರೆದರೂ ಡೇಟಾಬೇಸ್ ತೆರೆದೇ ಇತ್ತು, ಏಕೆ?

ಪ್ರಶ್ನೆ: ಹೋಸ್ಟಿಂಗ್ ಕಂಪನಿಯೊಂದರಲ್ಲಿ ಬಾಡಿಗೆಗೆ ಪಡೆದ ಉಬುಂಟು ಸರ್ವರ್ ನಮ್ಮದು. ಅದರಲ್ಲಿ ನಮ್ಮ ಸಹಕಾರ ಸಂಘದ ವೆಬ್‌ಸೈಟ್, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಡಾಕರ್ ಕಂಟೇನರಿನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ರೆಡಿಸ್ (ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ಡೇಟಾಬೇಸ್) ಇವೆ. ಲಾಗ್ ನೋಡಿದರೆ ಹಗಲೂ ರಾತ್ರಿ ಯಾರ್ಯಾರೋ ಎಸ್ಎಸ್ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ಹಳೆಯ ಟಿಪ್ಪಣಿಯೊಂದನ್ನು ಓದಿ ‘ಹೋಸ್ಟ್ಸ್ ಡಿನೈ’ ಫೈಲಿನಲ್ಲಿ ‘ಆಲ್: ಆಲ್’ ಎಂದು ಬರೆದೆ. ‘ಹೋಸ್ಟ್ಸ್ ಅಲೋ’ ಫೈಲಿನಲ್ಲಿ ನನ್ನ ಮನೆಯ ಐಪಿ ವಿಳಾಸಕ್ಕೆ ಮಾತ್ರ ಎಸ್ಎಸ್ಎಚ್ ಬಿಟ್ಟೆ. ಎರಡು ದಿನ ಸರಿಯಿತ್ತು. ಮೂರನೇ ದಿನ ಕರೆಂಟ್ ಹೋಗಿ ಬಂದ ಮೇಲೆ ನನಗೇ ಲಾಗಿನ್ ಆಗಲಿಲ್ಲ. ಹೋಸ್ಟಿಂಗ್ ಕಂಪನಿಯ ವೆಬ್ ಕನ್ಸೋಲ್‌ನಿಂದ ಒಳಹೊಕ್ಕು ಸರಿಮಾಡಿಕೊಂಡೆ. ಆದರೆ ಆ ಮೂರೂ ದಿನ ಗೆಳೆಯನ ಮನೆಯಿಂದ ಡೇಟಾಬೇಸ್ ಆರಾಮಾಗಿ ತೆರೆಯುತ್ತಿತ್ತು! ಎಲ್ಲರಿಗೂ ಎಲ್ಲವೂ ಬಂದ್ ಎಂದು ಬರೆದಿದ್ದೆನಲ್ಲ? ಸರಿಯಾದ ಕ್ರಮ ಯಾವುದು?

ಉತ್ತರ: ಉಳಿದದ್ದನ್ನೆಲ್ಲ ಆಮೇಲೆ ನೋಡೋಣ. ಈ ಉತ್ತರ ಓದುವ ಮುಂಚೆ ಡೇಟಾಬೇಸಿನ ಪಾಸ್‌ವರ್ಡ್‌ಗಳನ್ನು ಬದಲಿಸಿ, ಅದರಲ್ಲಿ ನೀವು ಮಾಡದ ಬಳಕೆದಾರರ ಹೆಸರುಗಳೇನಾದರೂ ಸೇರಿವೆಯೇ ನೋಡಿ. ಗೆಳೆಯನ ಮನೆಯಿಂದ ತೆರೆಯುತ್ತಿತ್ತು ಎಂದರೆ ಜಗತ್ತಿನ ಯಾವ ಮನೆಯಿಂದಲೂ ತೆರೆಯುತ್ತಿತ್ತು. ನಡುವೆ ಇದ್ದದ್ದು ಒಂದು ಪಾಸ್‌ವರ್ಡ್ ಮಾತ್ರ. ಅದು ಸಂಘದ ಸದಸ್ಯರ ಹೆಸರು, ಫೋನ್ ನಂಬರ್, ಸಾಲದ ಲೆಕ್ಕ ಇರುವ ಜಾಗ. ನಿಮ್ಮನ್ನು ನಂಬಿ ಆ ವಿವರ ಕೊಟ್ಟವರಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಬರೆದ ಸಾಲಿನಲ್ಲಿ ತಪ್ಪಿಲ್ಲ. ಆದರೆ ಆ ಫೈಲನ್ನು ಪೋಸ್ಟ್‌ಗ್ರೆಸ್ ಓದುವುದೇ ಇಲ್ಲ.

ಹೋಸ್ಟ್ಸ್ ಅಲೋ, ಹೋಸ್ಟ್ಸ್ ಡಿನೈ ಎಂಬ ಜೋಡಿ ಫೈಲುಗಳು ಟಿಸಿಪಿ ವ್ರ್ಯಾಪರ್ಸ್ ಎಂಬ ವ್ಯವಸ್ಥೆಗೆ ಸೇರಿದವು. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ವೀಟ್ಸೆ ವೆನೆಮಾ 1990ರಲ್ಲಿ ಅದನ್ನು ಬರೆದರು. ಅವರ ವಿಶ್ವವಿದ್ಯಾಲಯದ ಯಂತ್ರಗಳಿಗೆ ಒಬ್ಬ ನುಸುಳುಕೋರ ಮತ್ತೆ ಮತ್ತೆ ಬಂದು ಫೈಲುಗಳನ್ನೆಲ್ಲ ಅಳಿಸಿ ಹೋಗುತ್ತಿದ್ದ. ಅಳಿಸಿದ ಮೇಲೆ ಅವನು ಎಲ್ಲಿಂದ ಬಂದ ಎಂಬ ಗುರುತೂ ಉಳಿಯುತ್ತಿರಲಿಲ್ಲ. ಆಗ ಯೂನಿಕ್ಸ್‌ನಲ್ಲಿ ಹೆಚ್ಚಿನ ಸೇವೆಗಳನ್ನು ಎಬ್ಬಿಸುತ್ತಿದ್ದದ್ದು ಐನೆಟ್‌ಡಿ ಎಂಬ ಒಂದೇ ಪ್ರೋಗ್ರಾಂ. ಹೊರಗಿನಿಂದ ಕರೆ ಬಂದರೆ ಅದು ಆ ಸೇವೆಯ ಪ್ರೋಗ್ರಾಮನ್ನು ಶುರುಮಾಡುತ್ತಿತ್ತು. ವೆನೆಮಾ ಆ ಎರಡರ ನಡುವೆ ತಮ್ಮ ಪುಟ್ಟ ಪ್ರೋಗ್ರಾಮನ್ನು ಕೂರಿಸಿದರು. ಯಾರು ಬಂದರು ಎಂದು ಬರೆದಿಟ್ಟುಕೊಂಡು, ಆಮೇಲೆ ನಿಜವಾದ ಸೇವೆಗೆ ದಾಟಿಸುವುದು ಅದರ ಕೆಲಸ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಟ್ಟಿ ಅದಕ್ಕೇ ಸೇರಿಕೊಂಡಿತು. ಸೇವೆಯ ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಬದಲಿಸಬೇಕಿರಲಿಲ್ಲ. ಅಷ್ಟು ಸರಳವಾಗಿ, ಅಷ್ಟು ಉಪಯೋಗವಾಗುವಂತೆ ಬರೆದ ಸಾಧನವನ್ನು ನಾನು ಹೆಚ್ಚು ಕಂಡಿಲ್ಲ.

ಆದರೆ ಕಾಲ ಬದಲಾಯಿತು. ಈಗಿನ ಸೇವೆಗಳು ಐನೆಟ್‌ಡಿಯ ಕೈಕೆಳಗೆ ಇಲ್ಲ, ಒಂದೊಂದೂ ತಾನೇ ಪೋರ್ಟ್ (ಸೇವೆಯನ್ನು ತಲುಪುವ ನಂಬರಿನ ಬಾಗಿಲು) ಹಿಡಿದು ಕೂರುತ್ತದೆ. ಆ ಎರಡು ಫೈಲುಗಳನ್ನು ಅದು ನೋಡಬೇಕಾದರೆ ಲಿಬ್‌ವ್ರ್ಯಾಪ್ ಎಂಬ ಲೈಬ್ರರಿಯನ್ನು ಅದರೊಳಗೆ ಸೇರಿಸಿರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಅದಿಲ್ಲ, ವೆಬ್ ಸರ್ವರ್ ಪ್ರೋಗ್ರಾಂ ಎನ್‌ಜಿನ್‌ಎಕ್ಸ್‌ನಲ್ಲಿ ಇಲ್ಲ, ರೆಡಿಸ್‌ನಲ್ಲೂ ಇಲ್ಲ. ಓಪನ್‌ಎಸ್ಎಸ್ಎಚ್ ತಂಡದವರು 2014ರ 6.7ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ರೆಡ್ ಹ್ಯಾಟ್ ತನ್ನ 8ನೇ ಆವೃತ್ತಿಯಿಂದ ಪ್ಯಾಕೇಜನ್ನೇ ತೆಗೆದುಹಾಕಿತು. ಡೆಬಿಯನ್ ಮತ್ತು ಉಬುಂಟು ಮಾತ್ರ ತಮ್ಮ ಕಡೆಯಿಂದ ಎಸ್ಎಸ್ಎಚ್‌ಗೆ ಅದನ್ನು ಸೇರಿಸಿಕೊಂಡೇ ಬಂದಿವೆ. ಹಾಗಾಗಿ ನಿಮ್ಮ ಸರ್ವರಿನಲ್ಲಿ ಎಸ್ಎಸ್ಎಚ್ ಆ ಆಜ್ಞೆಯನ್ನು ಪಾಲಿಸಿತು, ಉಳಿದವು ಕೇಳಿಸಿಕೊಳ್ಳಲೇ ಇಲ್ಲ. ಸಂಶಯವಿದ್ದರೆ ‘ಎಲ್‌ಡಿಡಿ’ ಕಮಾಂಡಿಗೆ ಆ ಪ್ರೋಗ್ರಾಮಿನ ಪೂರ್ತಿ ದಾರಿ ಕೊಟ್ಟು ನೋಡಿ. ಪಟ್ಟಿಯಲ್ಲಿ ಲಿಬ್‌ವ್ರ್ಯಾಪ್ ಕಾಣದಿದ್ದರೆ ಆ ಸೇವೆಯ ಮಟ್ಟಿಗೆ ಡಿನೈ ಫೈಲು ಬರೀ ಕಾಗದ. ಒಂದು ಹಳೆಯ ಟಿಪ್ಪಣಿ ಇದನ್ನು ಹೇಳದಿದ್ದರೆ ಎಷ್ಟು ಅಪಾಯ ಎನ್ನುವುದಕ್ಕೆ ನಿಮ್ಮ ಡೇಟಾಬೇಸೇ ಸಾಕ್ಷಿ.

ಆದ್ದರಿಂದ ಬಾಗಿಲು ಹಾಕುವ ಮೊದಲು ಮನೆಗೆ ಎಷ್ಟು ಬಾಗಿಲಿವೆ ಎಂದು ಎಣಿಸಬೇಕು. ಅದಕ್ಕೆ ‘ಎಸ್‌ಎಸ್’ ಎಂಬ ಕಮಾಂಡ್ ಇದೆ. ಸುಡೊ ಜೊತೆಗೆ ಓಡಿಸಿ, ಒಂದು ಹೈಫನ್ ಹಾಕಿ ಟಿ, ಯು, ಎಲ್, ಎನ್, ಪಿ ಎಂಬ ಐದು ಅಕ್ಷರ ಕೊಡಿ. ಯಾವ ಪ್ರೋಗ್ರಾಂ ಯಾವ ಪೋರ್ಟಿನಲ್ಲಿ ಕಾದು ಕುಳಿತಿದೆ ಎಂಬುದೆಲ್ಲ ಬರುತ್ತದೆ. ಅದರಲ್ಲಿ ನೀವು ನೋಡಬೇಕಾದದ್ದು ಪೋರ್ಟ್ ನಂಬರಿಗಿಂತ ಅದರ ಎಡಗಡೆಯ ವಿಳಾಸ. 127.0.0.1:5432 ಎಂದಿದ್ದರೆ ಪೋಸ್ಟ್‌ಗ್ರೆಸ್ ಅದೇ ಯಂತ್ರದೊಳಗಿನವರ ಮಾತು ಮಾತ್ರ ಕೇಳುತ್ತಿದೆ. 0.0.0.0:5432 ಎಂದಿದ್ದರೆ ಯಾವ ದಿಕ್ಕಿನಿಂದ ಬಂದವರಿಗೂ ಕಿವಿಗೊಡುತ್ತಿದೆ. ಎರಡು ಕೋಲನ್‌ಗಳನ್ನು ಚೌಕ ಆವರಣದೊಳಗೆ ಬರೆದು [::]:5432 ಎಂದು ಕಂಡರೆ ಐಪಿವಿ6 ದಾರಿಯೂ ತೆರೆದಿದೆ. ನಿಮ್ಮಲ್ಲಿ ಈ ಕೊನೆಯ ಎರಡೂ ಸಾಲು ಕಾಣುತ್ತವೆ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿ.

ಆ ಐದು ಅಕ್ಷರಗಳಲ್ಲಿ ‘ಯು’ ಬಿಟ್ಟುಬಿಡಬೇಡಿ. ಅದು ಯುಡಿಪಿ ಸೇವೆಗಳನ್ನು, ಅಂದರೆ ಮೊದಲು ಸಂಪರ್ಕ ಕಟ್ಟಿಕೊಳ್ಳದೆ ನೇರವಾಗಿ ಪ್ಯಾಕೆಟ್ ಕಳಿಸುವ ಬಗೆಯವನ್ನು, ತೋರಿಸುತ್ತದೆ. 2018ರ ಫೆಬ್ರವರಿ 28ರಂದು ಪ್ರೋಗ್ರಾಮರುಗಳು ಕೋಡ್ ಇಡುವ ತಾಣ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ದಟ್ಟಣೆ ನುಗ್ಗಿತು. ಅದನ್ನು ಕಳಿಸಿದ್ದು ಜಗತ್ತಿನ ಎಲ್ಲೆಲ್ಲೋ ಇದ್ದ ಮೆಮ್‌ಕ್ಯಾಶ್‌ಡಿ (ಮಾಹಿತಿಯನ್ನು ಮೆಮೊರಿಯಲ್ಲಿಡುವ ಪ್ರೋಗ್ರಾಂ) ಸರ್ವರುಗಳು. ದಾಳಿಕೋರರು ಗಿಟ್‌ಹಬ್‌ನ ವಿಳಾಸವನ್ನೇ ಕಳಿಸಿದವರ ವಿಳಾಸವೆಂದು ಸುಳ್ಳು ಬರೆದು ಚಿಕ್ಕ ಪ್ರಶ್ನೆ ಕೇಳಿದರು. ಯುಡಿಪಿ 11211ನೇ ಪೋರ್ಟನ್ನು ತೆರೆದಿಟ್ಟಿದ್ದ ಆ ಸರ್ವರುಗಳು ದೊಡ್ಡ ದೊಡ್ಡ ಉತ್ತರಗಳನ್ನು ಅತ್ತ ಸುರಿದವು. ಆ ಸರ್ವರುಗಳ ಒಡೆಯರಿಗೆ ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ. ಒಂದು ಸೇವೆಗೆ ಯಾರ್ಯಾರು ಬರಬಹುದು ಎಂದು ಅವರು ಯೋಚಿಸಿರಲಿಲ್ಲ, ಅಷ್ಟೇ.

ನಿಮ್ಮ ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಯಾರಿಗೆ ಬೇಕು? ವೆಬ್‌ಸೈಟಿನ ಪೋರ್ಟುಗಳಾದ 80 ಮತ್ತು 443 ಊರಿಗೆಲ್ಲ ಬೇಕು, ಬಿಡಿ. ಡೇಟಾಬೇಸ್ ಬೇಕಾದದ್ದು ಅದೇ ಯಂತ್ರದಲ್ಲಿರುವ ವೆಬ್‌ಸೈಟಿಗೆ ಮಾತ್ರ. ರೆಡಿಸ್ ಕೂಡ ಹಾಗೆಯೇ. ಎಸ್ಎಸ್ಎಚ್ ನಿಮಗೊಬ್ಬರಿಗೆ. ಯಾರಿಗೂ ಬೇಡದ ಸೇವೆ ಸಿಕ್ಕರೆ ಅದನ್ನು ಕಾಯುವ ಗೋಜಿಗೇ ಹೋಗಬೇಡಿ, ನಿಲ್ಲಿಸಿ ಪ್ಯಾಕೇಜನ್ನು ತೆಗೆದುಹಾಕಿ. ಈ ಉತ್ತರಗಳನ್ನು ಮೊದಲು ಆಯಾ ಸೇವೆಯ ಸ್ವಂತ ಕಾನ್ಫಿಗರೇಶನ್‌ನಲ್ಲೇ ಬರೆಯಬೇಕು. ಫೈರ್‌ವಾಲ್ ಎರಡನೆಯ ಗೋಡೆ. ಬಹಳಷ್ಟು ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಎಲ್ಲ ಸೇವೆಗಳನ್ನೂ ಲೋಕಕ್ಕೆ ತೆರೆದಿಟ್ಟು ಫೈರ್‌ವಾಲ್ ಒಂದನ್ನೇ ನಂಬುತ್ತಾರೆ. ಯಾವತ್ತೋ ಒಂದು ದಿನ ಏನನ್ನೋ ಪರೀಕ್ಷಿಸಲು ಅದನ್ನು ಐದು ನಿಮಿಷ ಆಫ್ ಮಾಡಿದರೆ ಎಲ್ಲವೂ ಬಯಲಿಗೆ ಬರುತ್ತದೆ.

ಪೋಸ್ಟ್‌ಗ್ರೆಸ್‌ನಿಂದ ಶುರುಮಾಡಿ. ಅದರ ಮುಖ್ಯ ಕಾನ್ಫಿಗ್ ಫೈಲಿನಲ್ಲಿ ‘ಲಿಸನ್ ಅಡ್ರೆಸಸ್’ ಎಂಬ ಸಾಲಿದೆ. ಪೋಸ್ಟ್‌ಗ್ರೆಸ್ ಬರುವಾಗಲೇ ಅದು ಲೋಕಲ್‌ಹೋಸ್ಟ್ ಎಂದಿರುತ್ತದೆ. ಮನೆಯಿಂದ ತೆರೆಯಲು ಬೇಕೆಂದು ಯಾರೋ ಹೇಳಿದ್ದನ್ನು ಕೇಳಿ ನೀವು ಅಲ್ಲಿ ನಕ್ಷತ್ರ ಚಿಹ್ನೆ ಹಾಕಿರಬೇಕು. ಮತ್ತೆ ಲೋಕಲ್‌ಹೋಸ್ಟ್ ಮಾಡಿ. ಈ ಸಾಲು ಬದಲಿಸಿದರೆ ರೀಲೋಡ್ ಸಾಲದು, ರೀಸ್ಟಾರ್ಟ್ ಮಾಡಲೇಬೇಕು. ಎರಡನೆಯದು ‘ಪಿಜಿ ಎಚ್‌ಬಿಎ’ ಫೈಲು. ಯಾವ ಬಳಕೆದಾರ ಯಾವ ವಿಳಾಸದಿಂದ ಯಾವ ಡೇಟಾಬೇಸಿಗೆ ಬರಬಹುದು ಎಂಬುದು ಅಲ್ಲಿದೆ. ಪೋಸ್ಟ್‌ಗ್ರೆಸ್ ಅದನ್ನು ಮೇಲಿನಿಂದ ಓದುತ್ತಾ ಬಂದು ಮೊದಲು ಹೊಂದುವ ಸಾಲಿಗೆ ನಿಲ್ಲುತ್ತದೆ. ಆ ಸಾಲಿನಲ್ಲಿ ಪಾಸ್‌ವರ್ಡ್ ತಪ್ಪಾದರೆ ಮುಂದಿನ ಸಾಲನ್ನು ನೋಡುವುದಿಲ್ಲ. 0.0.0.0/0 ಎಂದಿರುವ ಸಾಲನ್ನು ಅಳಿಸಿ, 127.0.0.1/32 ಸಾಲನ್ನು ಸ್ಕ್ರ್ಯಾಮ್ ಎಂಬ ಪಾಸ್‌ವರ್ಡ್ ಪರೀಕ್ಷಿಸುವ ವಿಧಾನದ ಜೊತೆ ಉಳಿಸಿ.

ಹಾಗಾದರೆ ಮನೆಯಿಂದ ಡೇಟಾಬೇಸ್ ನೋಡುವುದು ಹೇಗೆ ಎಂದು ಕೇಳುತ್ತೀರಿ. ಎಸ್ಎಸ್ಎಚ್ ಸುರಂಗದ ಮೂಲಕ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಸ್ಎಸ್ಎಚ್ ಕಮಾಂಡಿಗೆ ದೊಡ್ಡಕ್ಷರದ ಎಲ್ ಆಪ್ಷನ್ ಹಾಕಿ 5433:127.0.0.1:5432 ಎಂದು ಕೊಟ್ಟು ಸರ್ವರಿಗೆ ಲಾಗಿನ್ ಆಗಿ. ಆಮೇಲೆ ಲ್ಯಾಪ್‌ಟಾಪಿನ 5433ನೇ ಪೋರ್ಟೇ ನಿಮ್ಮ ಡೇಟಾಬೇಸ್. ಪೋಸ್ಟ್‌ಗ್ರೆಸ್ ಕಣ್ಣಿಗೆ ನೀವು ಅದೇ ಯಂತ್ರದೊಳಗಿನವರಂತೆ ಕಾಣುತ್ತೀರಿ, ಆದ್ದರಿಂದ 127.0.0.1 ಸಾಲೇ ಸಾಕಾಗುತ್ತದೆ.

ಇನ್ನು ರೆಡಿಸ್. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ‘ಡಾಕರ್ ಕಂಟೇನರಿನಲ್ಲಿ’ ಎಂಬ ಮಾತು. ರೆಡಿಸ್ ಬರೆದ ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ ಅವರೇ 2015ರಲ್ಲಿ ಒಂದು ದಾಳಿಯನ್ನು ಬಹಿರಂಗವಾಗಿ ಮಾಡಿ ತೋರಿಸಿದ್ದರು. ಪಾಸ್‌ವರ್ಡ್ ಇಲ್ಲದೆ ತೆರೆದಿರುವ ರೆಡಿಸ್‌ಗೆ ಹೊರಗಿನವನು ತನ್ನ ಎಸ್ಎಸ್ಎಚ್ ಕೀಯನ್ನು ಒಂದು ಮೌಲ್ಯವಾಗಿ ಕೊಡುತ್ತಾನೆ, ಡೇಟಾ ಉಳಿಸುವ ಫೋಲ್ಡರನ್ನು ಎಸ್ಎಸ್ಎಚ್ ಫೋಲ್ಡರಿಗೆ ಬದಲಿಸುತ್ತಾನೆ, ಫೈಲಿನ ಹೆಸರನ್ನು ‘ಆಥರೈಸ್ಡ್ ಕೀಸ್’ ಎಂದಿಟ್ಟು ಸೇವ್ ಮಾಡು ಎನ್ನುತ್ತಾನೆ. ಮರುಕ್ಷಣ ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುತ್ತಾನೆ. ಇದಾದ ಮೇಲೆ 2016ರ 3.2ನೇ ಆವೃತ್ತಿಯಲ್ಲಿ ಪ್ರೊಟೆಕ್ಟೆಡ್ ಮೋಡ್ ಬಂತು. ಪಾಸ್‌ವರ್ಡನ್ನೂ, ಯಾವ ವಿಳಾಸದಲ್ಲಿ ಕಿವಿಗೊಡಬೇಕು ಎಂಬುದನ್ನೂ ನೀವು ಹೇಳದಿದ್ದರೆ ರೆಡಿಸ್ ಹೊರಗಿನವರಿಗೆ ಉತ್ತರಿಸುವುದಿಲ್ಲ. ಆದರೆ ಡಾಕರ್‌ನ ಅಧಿಕೃತ ರೆಡಿಸ್ ಇಮೇಜಿನಲ್ಲಿ, ಇತರ ಕಂಟೇನರುಗಳು ಮಾತಾಡಲು ಅನುಕೂಲವಾಗಲೆಂದು, ಈ ಪ್ರೊಟೆಕ್ಟೆಡ್ ಮೋಡ್ ಅನ್ನು ಆಫ್ ಮಾಡಿದ್ದಾರೆ.

ಇಲ್ಲಿ ಫೈರ್‌ವಾಲ್ ಕೂಡ ನಿಮ್ಮ ಕೈಹಿಡಿಯುವುದಿಲ್ಲ. ಉಬುಂಟುವಿನ ಫೈರ್‌ವಾಲ್ ಸಾಧನ ಯುಎಫ್‌ಡಬ್ಲ್ಯೂ ತನ್ನ ನಿಯಮಗಳನ್ನು ಮುಖ್ಯವಾಗಿ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮಿನ ತಿರುಳು) ‘ಇನ್‌ಪುಟ್’ ಸರಪಳಿಯಲ್ಲಿ, ಅಂದರೆ ಆ ಯಂತ್ರಕ್ಕೇ ಬರುವ ಪ್ಯಾಕೆಟ್ಟುಗಳ ನಿಯಮಪಟ್ಟಿಯಲ್ಲಿ, ಇಡುತ್ತದೆ. ಕಂಟೇನರಿನ ಪೋರ್ಟನ್ನು ಪಬ್ಲಿಶ್ ಮಾಡಿದಾಗ ಡಾಕರ್ ಅದಕ್ಕೂ ಮೊದಲೇ ಪ್ಯಾಕೆಟ್ಟಿನ ವಿಳಾಸ ಬದಲಿಸಿ ‘ಫಾರ್ವರ್ಡ್’ ದಾರಿಗೆ ತಿರುಗಿಸುತ್ತದೆ. ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದರೆ ರೆಡಿಸ್‌ನ ಪೋರ್ಟ್ 6379 ಬಂದ್ ಎಂದೇ ಕಾಣುತ್ತದೆ, ಹೊರಗಿನಿಂದ ನೋಡಿದರೆ ತೆರೆದಿರುತ್ತದೆ. ಮುಂಬಾಗಿಲಿಗೆ ಕಾವಲು ಹಾಕಿ ಕೂತರೆ ಹಿತ್ತಲಿನಿಂದ ಜನ ಬಂದು ಹೋದಂತೆ. ಪರಿಹಾರ ಕಷ್ಟದ್ದಲ್ಲ: ಕಂಟೇನರ್ ಶುರುಮಾಡುವಾಗ 6379:6379 ಎಂದು ಬರೆದ ಕಡೆ 127.0.0.1:6379:6379 ಎಂದು ಬರೆಯಿರಿ. ವೆಬ್‌ಸೈಟಿಗೆ ಅಷ್ಟೇ ಸಾಕು. ಪಾಸ್‌ವರ್ಡನ್ನೂ ಇಡಿ. ಹೊರಗಿನವರಿಗೆ ನಿಜವಾಗಿಯೂ ಬೇಕಾದ ಕಂಟೇನರ್ ಪೋರ್ಟ್ ಇದ್ದರೆ ಅದರ ನಿಯಮಗಳನ್ನು ‘ಡಾಕರ್-ಯೂಸರ್’ ಎಂಬ ಸರಪಳಿಯಲ್ಲಿ ಬರೆಯಬೇಕು.

ಹಳೆಯ ವ್ರ್ಯಾಪರ್ಸ್ ಕೊಡುತ್ತಿದ್ದಂಥ ಸೌಲಭ್ಯ, ಅಂದರೆ ಸೇವೆಯ ಪ್ರೋಗ್ರಾಮಿನ ಒಪ್ಪಿಗೆ ಕೇಳದೆ ಯಾರು ಬರಬಹುದು ಎಂದು ಹೇಳುವುದು, ಈಗ ಲಿನಕ್ಸಿನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲೇ ಇದೆ. 2017ರ 235ನೇ ಆವೃತ್ತಿಯಿಂದ ಬಂದದ್ದು. ಸೇವೆಯ ಯೂನಿಟ್ ಫೈಲಿನಲ್ಲಿ ‘ಐಪಿ ಅಡ್ರೆಸ್ ಡಿನೈ’ ಸಾಲಿಗೆ ಎನಿ ಎಂದೂ ‘ಐಪಿ ಅಡ್ರೆಸ್ ಅಲೋ’ ಸಾಲಿಗೆ ಲೋಕಲ್‌ಹೋಸ್ಟ್ ಎಂದೂ ಬರೆದರೆ ಕರ್ನಲ್ಲೇ ಅದನ್ನು ಜಾರಿಮಾಡುತ್ತದೆ, ಲಿಬ್‌ವ್ರ್ಯಾಪ್ ಬೇಕಿಲ್ಲ. ಒಂದು ಎಚ್ಚರ: ಇದು ಒಳಬರುವುದಕ್ಕೂ ಹೊರಹೋಗುವುದಕ್ಕೂ ಅನ್ವಯಿಸುತ್ತದೆ. ಇನ್ನೊಂದು: ಉಬುಂಟುವಿನಲ್ಲಿ ‘ಪೋಸ್ಟ್‌ಗ್ರೆಸ್‌ಕ್ಯೂಎಲ್ ಸರ್ವಿಸ್’ ಎಂಬ ಯೂನಿಟ್ ಹೆಸರಿಗೆ ಮಾತ್ರ. ನಿಜವಾದ ಕೆಲಸ ನಡೆಯುವುದು ಆವೃತ್ತಿಯ ನಂಬರ್ ಮತ್ತು ‘ಮೇನ್’ ಎಂಬ ಹೆಸರು ಸೇರಿದ ಇನ್ನೊಂದು ಯೂನಿಟ್‌ನಲ್ಲಿ. ಮೊದಲನೆಯದರಲ್ಲಿ ಬರೆದರೆ ಮತ್ತೆ ಕಾಗದವೇ.

ಈಗ ಎಸ್ಎಸ್ಎಚ್ ಮತ್ತು ನೀವು ಹೊರಗುಳಿದ ಕತೆ. ಕರೆಂಟ್ ಹೋದಾಗ ನಿಮ್ಮ ಮನೆಯ ರೂಟರ್ ಮತ್ತೆ ಶುರುವಾಗಿ ಬೇರೆ ಐಪಿ ವಿಳಾಸ ಪಡೆಯಿತು. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಇದು ಮಾಮೂಲು. ಮೊಬೈಲ್ ಡೇಟಾದಲ್ಲಿ ಇನ್ನೂ ಒಂದು ತೊಡಕು ಇದೆ: ಐಪಿವಿ4ನಲ್ಲಿ ಸಾಮಾನ್ಯವಾಗಿ ಸಾಕಷ್ಟು ಗ್ರಾಹಕರು ಒಂದೇ ಹೊರವಿಳಾಸವನ್ನು ಹಂಚಿಕೊಂಡಿರುತ್ತಾರೆ. ಆ ವಿಳಾಸಕ್ಕೆ ಅನುಮತಿ ಕೊಟ್ಟರೆ ಗುರುತೇ ಇಲ್ಲದ ಅಷ್ಟೂ ಜನಕ್ಕೆ ಕೊಟ್ಟಂತೆ. ಹಾಗಾಗಿ ಸ್ಥಿರ ಐಪಿ ಇಲ್ಲದ ಮನೆಯಿಂದ ಕೆಲಸ ಮಾಡುವವರಿಗೆ ವಿಳಾಸ ನೋಡಿ ಬಾಗಿಲು ತೆರೆಯುವ ಪದ್ಧತಿ ಹೊಂದುವುದಿಲ್ಲ. ಕೀ ಬಳಸಿ. ಲ್ಯಾಪ್‌ಟಾಪಿನಲ್ಲಿ ಒಂದು ಕೀಜೋಡಿ ಮಾಡಿ, ಸಾರ್ವಜನಿಕ ಕೀಯನ್ನು ಸರ್ವರಿಗೆ ಹಾಕಿ, ಅದರಿಂದ ಲಾಗಿನ್ ಆಗುತ್ತಿದೆಯೇ ನೋಡಿಕೊಂಡು, ಆಮೇಲೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ರೂಟ್ ಲಾಗಿನ್ ಕೂಡ ಬೇಡ. ‘ಅಲೋ ಯೂಸರ್ಸ್’ ಸಾಲಿನಲ್ಲಿ ನಿಮ್ಮ ಹೆಸರೊಂದೇ ಇರಲಿ.

ಪಾಸ್‌ವರ್ಡ್ ನಿಲ್ಲಿಸುವಾಗ ಬಾಡಿಗೆ ಸರ್ವರುಗಳಲ್ಲಿ ಒಂದು ಬಲೆ ಇದೆ. ಸರ್ವರಿನಲ್ಲಿ ಓಡುವ ಎಸ್ಎಸ್ಎಚ್ ಸೇವೆಯಾದ ಎಸ್ಎಸ್ಎಚ್‌ಡಿ ಒಂದೇ ಆಯ್ಕೆಯನ್ನು ಎರಡು ಕಡೆ ಕಂಡರೆ ಮೊದಲು ಕಂಡದ್ದನ್ನೇ ಹಿಡಿಯುತ್ತದೆ. ಉಬುಂಟುವಿನ ಮುಖ್ಯ ಕಾನ್ಫಿಗ್ ಫೈಲು ತನ್ನ ಆರಂಭದಲ್ಲೇ ‘ಎಸ್ಎಸ್ಎಚ್‌ಡಿ ಕಾನ್ಫಿಗ್ ಡಿ’ ಫೋಲ್ಡರಿನ ಫೈಲುಗಳನ್ನು ಸೇರಿಸಿಕೊಳ್ಳುತ್ತದೆ. ಸರ್ವರ್ ತಯಾರಿಸುವ ಕ್ಲೌಡ್-ಇನಿಟ್ ಅಲ್ಲಿ 50ರಿಂದ ಶುರುವಾಗುವ ಹೆಸರಿನ ಫೈಲಿನಲ್ಲಿ ಪಾಸ್‌ವರ್ಡ್‌ಗೆ ‘ಯೆಸ್’ ಎಂದು ಬರೆದಿಟ್ಟಿರುವುದುಂಟು. ಕೆಳಗೆ ನೀವು ‘ನೋ’ ಎಂದು ಎಷ್ಟು ಸಲ ಬರೆದರೂ ನಡೆಯುವುದಿಲ್ಲ. ಆದ್ದರಿಂದ ಫೈಲನ್ನು ನಂಬದೆ ಎಸ್ಎಸ್ಎಚ್‌ಡಿಯನ್ನೇ ಕೇಳಿ: ದೊಡ್ಡಕ್ಷರದ ಟಿ ಆಪ್ಷನ್ ಕೊಟ್ಟರೆ ಅದು ನಿಜವಾಗಿ ಯಾವ ಆಯ್ಕೆಗಳೊಂದಿಗೆ ನಡೆಯುತ್ತದೆ ಎಂಬ ಪೂರ್ತಿ ಪಟ್ಟಿ ಕೊಡುತ್ತದೆ. ಚಿಕ್ಕಕ್ಷರದ ಟಿ ಕೊಟ್ಟರೆ ಬರೆದದ್ದರಲ್ಲಿ ತಪ್ಪಿದೆಯೇ ಎಂದು ನೋಡುತ್ತದೆ. ರೀಸ್ಟಾರ್ಟ್‌ಗೆ ಮುಂಚೆ ಎರಡನ್ನೂ ಓಡಿಸಿ.

ಕೀ ಇದ್ದ ಮೇಲೂ ಎಸ್ಎಸ್ಎಚ್‌ನ 22ನೇ ಪೋರ್ಟನ್ನು ಲೋಕಕ್ಕೆ ತೆರೆದಿಡಬೇಕೆ? ಒಂದು ಸಂಗತಿ ಹೇಳುತ್ತೇನೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್, ಎಸ್ಎಸ್ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದರ ಬೆನ್ನು ಹತ್ತಿ, ಫೈಲು ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹುದುಗಿಸಿದ್ದ ಕಳ್ಳದಾರಿಯನ್ನು ಪತ್ತೆಹಚ್ಚಿದ್ದನ್ನು ಬಹಿರಂಗಪಡಿಸಿದರು. ಅದು ಎಸ್ಎಸ್ಎಚ್‌ಡಿ ಮೂಲಕ, ಹುದುಗಿಸಿದವರ ಗುಪ್ತ ಕೀ ಇದ್ದವರನ್ನು, ಸರ್ವರಿನ ಒಡೆಯ ಕೊಟ್ಟ ಕೀ ಪಾಸ್‌ವರ್ಡ್ ಯಾವುದೂ ಇಲ್ಲದೆ ಒಳಗೆ ಬಿಡುತ್ತಿತ್ತು. ಪುಣ್ಯಕ್ಕೆ ಉಬುಂಟು, ಡೆಬಿಯನ್‌ಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪಿರಲಿಲ್ಲ. ಅಂಥದ್ದು ತಲುಪಿದ್ದರೂ, ಹೊರಗಿನವರಿಗೆ 22ನೇ ಪೋರ್ಟೇ ಸಿಗದ ಸರ್ವರಿನಲ್ಲಿ ದಾಳಿಕೋರ ಮೊದಲ ಮೆಟ್ಟಿಲನ್ನೂ ಹತ್ತಲಾರ. ಅದಕ್ಕೇ ನನ್ನ ಸಲಹೆ ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ನಿಮ್ಮ ಲ್ಯಾಪ್‌ಟಾಪಿಗೂ ಸರ್ವರಿಗೂ ನಡುವಿನ ಖಾಸಗಿ ಸುರಂಗ. 2020ರ ಮಾರ್ಚ್‌ನಲ್ಲಿ ಬಂದ 5.6ನೇ ಲಿನಕ್ಸ್ ಕರ್ನಲ್‌ನಿಂದ ಅದು ಕರ್ನಲ್‌ನ ಭಾಗವೇ ಆಗಿದೆ. ಪರಿಚಯದ ಕೀ ಇಲ್ಲದವರು ಕರೆದರೆ ಅದು ಉತ್ತರವನ್ನೇ ಕೊಡುವುದಿಲ್ಲ. ನಿಮ್ಮ ವಿಳಾಸ ದಿನಕ್ಕೆ ಹತ್ತು ಸಲ ಬದಲಾದರೂ ಅದಕ್ಕೆ ತೊಂದರೆಯಿಲ್ಲ, ಕೀ ನೋಡಿ ಗುರುತಿಸುತ್ತದೆ. ವೈರ್‌ಗಾರ್ಡ್ ಒಳಗಿನಿಂದ ಬಂದವರಿಗೆ ಮಾತ್ರ 22 ಎಂದು ಫೈರ್‌ವಾಲಿನಲ್ಲಿ ಬರೆದರೆ ಆ ಪಾಸ್‌ವರ್ಡ್ ಊಹಿಸುವವರ ಕಾಟವೂ ಲಾಗ್‌ನಿಂದ ಮಾಯ. ಇಷ್ಟು ಈಗಲೇ ಕಷ್ಟವೆನಿಸಿದರೆ ಕೀ ಹಾಕಿ ಇಂದು ಮಲಗಿ, ವೈರ್‌ಗಾರ್ಡ್ ಮುಂದಿನ ವಾರ ಮಾಡಿ.

ಫೈರ್‌ವಾಲ್ ಹಾಕುವಾಗ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ವರ್ಷಗಳ ಹಿಂದೆ ಬೇರೆ ಊರಿನ ಡೇಟಾ ಸೆಂಟರಿನಲ್ಲಿದ್ದ ಸರ್ವರಿನಲ್ಲಿ ಐಪಿಟೇಬಲ್ಸ್ ಎಂಬ ಫೈರ್‌ವಾಲಿನ ನಿಯಮಗಳನ್ನು ತಿದ್ದುತ್ತಿದ್ದೆ. ಇನ್‌ಪುಟ್ ಸರಪಳಿಯ ಪಾಲಿಸಿಯನ್ನು ಡ್ರಾಪ್ ಎಂದಿಟ್ಟಿದ್ದೆ. ನಿಯಮಗಳು ಗೋಜಲಾದವು, ಹೊಸದಾಗಿ ಬರೆಯೋಣವೆಂದು ಫ್ಲಶ್ ಕೊಟ್ಟೆ. ಕರ್ಸರ್ ಅಲ್ಲೇ ನಿಂತಿತು. ಫ್ಲಶ್ ನಿಯಮಗಳನ್ನು ಅಳಿಸುತ್ತದೆ, ಪಾಲಿಸಿಯನ್ನು ಅಳಿಸುವುದಿಲ್ಲ. ನನ್ನನ್ನು ಒಳಗೆ ಬಿಡುತ್ತಿದ್ದ ನಿಯಮ ಹೋಗಿ ಎಲ್ಲರನ್ನೂ ತಡೆಯುವ ಪಾಲಿಸಿ ಉಳಿದಿತ್ತು. ಸಹೋದ್ಯೋಗಿಯೊಬ್ಬರು ರಾತ್ರಿ ಅಲ್ಲಿಗೆ ಹೋಗಿ ಕೀಬೋರ್ಡ್ ಹಾಕಿ ಸರಿಮಾಡುವ ತನಕ ಆಸ್ಪತ್ರೆಯೊಂದರ ಲ್ಯಾಬ್ ವರದಿಗಳು ವೈದ್ಯರಿಗೆ ಸಿಗಲಿಲ್ಲ. ಅಂದಿನಿಂದ ನಾನು ಒಂದು ಕ್ರಮ ಬಿಟ್ಟಿಲ್ಲ. ಫೈರ್‌ವಾಲ್ ಮುಟ್ಟುವ ಮೊದಲು ‘ಸಿಸ್ಟಮ್‌ಡಿ-ರನ್’ ಮೂಲಕ ಹತ್ತು ನಿಮಿಷದ ನಂತರ ‘ಯುಎಫ್‌ಡಬ್ಲ್ಯೂ ಡಿಸೇಬಲ್’ ತಾನಾಗಿ ಓಡುವಂತೆ ಇಡುತ್ತೇನೆ. ಆಮೇಲೆ ನಿಯಮ ಹಾಕುತ್ತೇನೆ. ತೆರೆದಿರುವ ಸೆಷನ್ನನ್ನು ಮುಚ್ಚದೆ ಬೇರೆ ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡುತ್ತೇನೆ. ಲಾಗಿನ್ ಆದರೆ ಮಾತ್ರ ಆ ಗಡಿಯಾರವನ್ನು ರದ್ದುಮಾಡುತ್ತೇನೆ.

ನಿಮ್ಮ ನಿಯಮಗಳು ನಾಲ್ಕೇ: ಒಳಬರುವುದೆಲ್ಲ ಡಿಫಾಲ್ಟ್ ಆಗಿ ಬಂದ್, 80 ಮತ್ತು 443 ತೆರೆ, ವೈರ್‌ಗಾರ್ಡ್‌ನ ಯುಡಿಪಿ ಪೋರ್ಟ್ ತೆರೆ, 22 ವೈರ್‌ಗಾರ್ಡ್ ಒಳಗಿನಿಂದ ಮಾತ್ರ. ಐಸಿಎಂಪಿಯನ್ನು (ಪಿಂಗ್, ದೋಷಸೂಚನೆಗಳನ್ನು ಸಾಗಿಸುವ ವ್ಯವಸ್ಥೆ) ಪೂರ್ತಿ ತಡೆಯಿರಿ ಎಂಬ ಸಲಹೆ ಎಲ್ಲಾದರೂ ಕಂಡರೆ ಕೇಳಬೇಡಿ. ಐಪಿವಿ6ನಲ್ಲಿ ಅಕ್ಕಪಕ್ಕದ ಯಂತ್ರವನ್ನು ಹುಡುಕುವುದೇ ಅದರಿಂದ. ಎಸ್ಎಸ್ಎಚ್ ಪೋರ್ಟನ್ನು 22ರಿಂದ 2222ಕ್ಕೆ ಬದಲಿಸುವುದರಿಂದ ಲಾಗ್‌ನ ಗದ್ದಲ ತಗ್ಗೀತು, ರಕ್ಷಣೆಯೇನೂ ಹೆಚ್ಚುವುದಿಲ್ಲ. ಫ್ರೀಬಿಎಸ್‌ಡಿ ಅಥವಾ ಓಪನ್‌ಬಿಎಸ್‌ಡಿ ಬಳಸುವ ಓದುಗರಿಗೆ ಒಂದು ಮಾತು: ಅಲ್ಲಿನ ಪಿಎಫ್ ಎಂಬ ಫೈರ್‌ವಾಲಿನಲ್ಲಿ ‘ಕ್ವಿಕ್’ ಎಂದು ಬರೆಯದಿದ್ದರೆ ಹೊಂದುವ ಸಾಲುಗಳಲ್ಲಿ ಕೊನೆಯದೇ ಗೆಲ್ಲುತ್ತದೆ. ಲಿನಕ್ಸಿನ ರೂಢಿಯಲ್ಲಿ ಮೊದಲ ಸಾಲಿಗೇ ತೀರ್ಮಾನವಾಯಿತು ಎಂದುಕೊಂಡು ಬರೆದರೆ ಅರ್ಥ ತಲೆಕೆಳಗಾಗುತ್ತದೆ.

ಎಲ್ಲ ಮುಗಿದ ಮೇಲೆ ಹೊರಗಿನಿಂದ ನೋಡಿ. ಸರ್ವರಿನ ಒಳಗೆ ಕೂತು ನೋಡಿದರೆ ಏನೂ ತಿಳಿಯುವುದಿಲ್ಲ. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ, ವೈರ್‌ಗಾರ್ಡ್ ಆಫ್ ಮಾಡಿ, ತೆರೆದ ಪೋರ್ಟುಗಳನ್ನು ಹುಡುಕುವ ಎನ್‌ಮ್ಯಾಪ್ ಓಡಿಸಿ. ಏನೂ ಹೇಳದಿದ್ದರೆ ಅದು 1000 ಪೋರ್ಟುಗಳನ್ನು ಮಾತ್ರ ನೋಡುತ್ತದೆ. 65535 ಪೋರ್ಟುಗಳನ್ನೂ ನೋಡು ಎಂದು ಹೇಳಬೇಕು. ಒಮ್ಮೆ ಐಪಿವಿ4 ವಿಳಾಸಕ್ಕೆ, ಇನ್ನೊಮ್ಮೆ 6 ಎಂಬ ಆಪ್ಷನ್ ಕೊಟ್ಟು ಐಪಿವಿ6 ವಿಳಾಸಕ್ಕೆ. ಎರಡರಲ್ಲೂ 80, 443 ಎರಡೇ ಸಾಲು ತೆರೆದಿವೆ ಎಂದು ಬರಬೇಕು. 5432 ಅಥವಾ 6379 ಮತ್ತೆ ಕಂಡರೆ ನನಗೆ ಆ ಎಸ್‌ಎಸ್ ಪಟ್ಟಿಯ ಸಾಲುಗಳನ್ನು ಕಳಿಸಿ, ಸರ್ವರಿನ ವಿಳಾಸವನ್ನು ಅಳಿಸಿ ಕಳಿಸಿ.